ಏನೂ ಮಾಡಲ್ಲ

ಬೊಳ್ಳು ನನ್ನ ಸೀಟಿಗೆ ನಿಲ್ಲುತ್ತಾನೆ.
ನಿಲ್ಲುತ್ತಿದ್ದ, ಅನ್ನಬೇಕು.
ಇಪ್ಪತ್ತೆರಡು ವರ್ಷ ಹಾಕಿ ಮೈದಾನದ ಅಂಚಿನಲ್ಲಿ
ಊದಿ ಊದಿ ಸವೆದ ಸೀಟಿ ಇದು.
ಹುಡುಗಿಯರೇ ನಿಂತಲ್ಲಿ ನಿಲ್ಲುವಾಗ
ಒಂದು ನಾಯಿ ನಿಲ್ಲದೆ ಏನು ಮಾಡೀತು
ಎಂಬ ಧಿಮಾಕು ನನಗಿತ್ತು.

ಬೆಳಿಗ್ಗೆ ಆರಕ್ಕೆ ಮಲೆತಿರಿಕೆ ಬೆಟ್ಟದ ರಸ್ತೆ.
ಕೆಳಗೆ ವಿರಾಜಪೇಟೆ ಇನ್ನೂ ಮಂಜಿನೊಳಗೆ,
ಗಡಿಯಾರ ಕಂಬದ ತಲೆಯಷ್ಟೇ ಹೊರಗೆ.
ಮೊದಲ ತಿರುವಿನಲ್ಲಿ ಕೊರಳ ಕೊಕ್ಕೆ ಬಿಚ್ಚಿ
ಹಗ್ಗವನ್ನು ನನ್ನ ಹೆಗಲಿಗೇ ಹಾಕಿಕೊಳ್ಳುತ್ತಿದ್ದೆ.
ಬೊಳ್ಳು ಓಡುವುದನ್ನು ನೀವು ನೋಡಬೇಕು:
ನಾಲ್ಕು ಕಾಲೂ ನೆಲ ಬಿಟ್ಟ ಆ ಒಂದು ಗಳಿಗೆ
ಅವನಿಗೆ ಯಾರೂ ಒಡೆಯರಿಲ್ಲ,
ನನಗೂ ಒಂಬತ್ತೂವರೆಯ ಗಂಟೆಯಿಲ್ಲ.
ಅವನ ಹೇಲನ್ನು ನಿನ್ನೆಯ ಪೇಪರಿನಲ್ಲಿ ಎತ್ತಿ
ಮನೆಗೆ ತರುವವಳು ನಾನು. ಅದನ್ನು ನಾಲ್ಕು ಜನಕ್ಕೆ
ಹೇಳುವವಳೂ ನಾನೇ.

ಎದುರು ಬಂದವರಿಗೆಲ್ಲ ದೂರದಿಂದಲೇ ಕೂಗುತ್ತಿದ್ದೆ:
"ಏನೂ ಮಾಡಲ್ಲ, ಹೆದರ್ಬೇಡಿ, ಏನೂ ಮಾಡಲ್ಲ!"
ಔಷಧಿ ಅಂಗಡಿಯ ಐಯಣ್ಣ ನಗುತ್ತಿದ್ದರು,
ನಿಂತು, ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು.
ಸ್ನೇಹ ಎಂದುಕೊಂಡಿದ್ದೆ.
ಕೊಡೆಗೆ ಎರಡು ಕೈ ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಕಕ್ಕಡದ ಮಳೆ ಒಂದು ಗಳಿಗೆ ಬಿಟ್ಟಿದ್ದ ಬುಧವಾರ
ಪಾಲಿ ಇಳಿದು ಬರುತ್ತಿದ್ದಳು, ಸಂತೆಗೆ,
ತಲೆಯ ಮೇಲೆ ಕಣಿಲೆಯ ಬುಟ್ಟಿ.
ಬೊಳ್ಳು ಕಿವಿ ನಿಮಿರಿಸಿದ. ಊದಿದೆ.
ಮತ್ತೆ ಊದಿದೆ.
ಮೂರನೆಯದಕ್ಕೆ ಉಸಿರೇ ಇರಲಿಲ್ಲ.
ಕಚ್ಚಲಿಲ್ಲ, ನಿಜ. ಮುಂಗಾಲೆತ್ತಿ ಅವಳ ಎದೆಗಿಟ್ಟ, ಅಷ್ಟೇ,
ಬಹಳ ದಿನದ ಮೇಲೆ ಸಿಕ್ಕ ನೆಂಟನ ಹಾಗೆ.
ಪಾಲಿ ಚರಂಡಿಯಲ್ಲಿದ್ದಳು, ಮೊಣಕಾಲುದ್ದ ನೀರಿನಲ್ಲಿ.
ಕಣಿಲೆಯ ಬಿಳಿ ತುಂಡುಗಳು ಒಂದೊಂದಾಗಿ
ಅವಳಿಗಿಂತ ಮೊದಲೇ ಪೇಟೆಗೆ ಹೊರಟಿದ್ದವು.
ನನ್ನ ಬಾಯಿ ತಾನಾಗಿ ತೆರೆಯಿತು:
"ಏನೂ ಮಾ..."

ಅವಳು ಅಳಲಿಲ್ಲ, ಬೈಯಲೂ ಇಲ್ಲ.
ಒದ್ದೆ ಸೀರೆ ಎತ್ತಿ ಮೀನಖಂಡ ತೋರಿಸಿದಳು,
ಹುಣಸೆಬೀಜದಂತೆ ಹೊಳೆಯುವ ನಾಲ್ಕು ಕಲೆ.
"ಏಳು ವರ್ಷ ನಂಗೆ. ಲೈನ್‌ಮನೆ ಗೇಟಿನ ಹತ್ರ.
ಆ ತೋಟದ ಅಮ್ಮನೂ ಹಿಂಗೇ ಕೂಗಿದ್ರು.
ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ.
ನಿಮ್ಮ ನಾಯಿ ಒಳ್ಳೇದೇ ಇರ್ಬೌದು ಟೀಚರಮ್ಮ,
ನನ್ನ ಕಾಲಿಗೆ ಅದು ಹೆಂಗೆ ಗೊತ್ತಾಗ್ಬೇಕು?"
ಕಣಿಲೆಯ ಬೆಲೆ ಕೊಟ್ಟೆ. ಎಣಿಸಿ ತೆಗೆದುಕೊಂಡಳು.
ಹೆಚ್ಚಿದ್ದ ಇಪ್ಪತ್ತನ್ನು ವಾಪಸು ಕೊಟ್ಟಳು.

ಅವತ್ತೇ ಮೂರನೇ ಪೀರಿಯಡ್ಡಿನಲ್ಲಿ
ನಮ್ಮ ರೈಟ್ ಔಟ್ ದೇಚಮ್ಮ ಸ್ಟಿಕ್ಕು ಹೆಗಲೆತ್ತರ ಬೀಸಿ
ಇನ್ನೊಬ್ಬಳ ಮಣಿಕಟ್ಟಿಗೆ ತಾಗಿಸಿದಳು.
"ಬೇಕಂತ ಮಾಡ್ಲಿಲ್ಲ ಟೀಚರ್."
ಬೇಕಂತ ಯಾರು ಮಾಡ್ತಾರೆ, ಫೌಲ್ ಅಂದ್ರೆ ಫೌಲ್,
ಎಂಬ ನನ್ನ ಇಪ್ಪತ್ತೆರಡು ವರ್ಷದ ಮಾತು
ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತಿತು.
ಹಸಿರು ಕಾರ್ಡು ತೆಗೆದೆ. ಎರಡು ನಿಮಿಷ ಹೊರಗೆ.
ಅವಳ ಪಕ್ಕ, ಬೆಂಚಿನ ಮೇಲೆ, ನಾನೂ ಕೂತೆ.
ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾವ ನಕ್ಕರು. "ನಮ್ಮಜ್ಜನಿಗೆ ಏಳು ಬೇಟೆನಾಯಿ,
ಒಂದಕ್ಕೂ ಹಗ್ಗ ಇರಲಿಲ್ಲ."
ಇರಲಿಲ್ಲ ಮಾವ.
ಆಗ ಎದುರಿಗೆ ಬರುತ್ತಿದ್ದದ್ದು ಹಂದಿ.

ಈಗ ಬೊಳ್ಳು ಓಡುವುದು ಮನೆ ಹಿಂದಿನ ಕಾಫಿ ಕಣದಲ್ಲಿ,
ಗೇಟಿಗೆ ಚಿಲಕ ಬಿದ್ದ ಮೇಲೆ.
ಸುತ್ತು ಚಿಕ್ಕದು. ಮೂಲೆಯಲ್ಲಿ ಜಾರುತ್ತಾನೆ,
ಜಾರಿ, ಎದ್ದು, ನನ್ನನ್ನೇ ನೋಡುತ್ತಾನೆ.
ಆ ನೋಟಕ್ಕೆ ನನ್ನಲ್ಲಿ ಉತ್ತರವಿಲ್ಲ.
ರಸ್ತೆಯಲ್ಲಿ ಹಗ್ಗ. ಅಂಗೈಯಲ್ಲಿ ಅದರ ಕೆಂಪು ಗೆರೆ,
ಸ್ಟಿಕ್ಕು ಹಿಡಿದರೆ ಸಂಜೆಯವರೆಗೂ ಉರಿ.

ನಿನ್ನೆ ಮತ್ತೆ ಬುಧವಾರ. ತಿರುವಿನಲ್ಲಿ ಬುಟ್ಟಿ ಕಂಡಿತು.
ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿದೆ.
ಬೊಳ್ಳುವನ್ನು ಬರೆಯ ಕಡೆಗೆ ಕೂರಿಸಿ ಅಡ್ಡ ನಿಂತೆ.
ಬಾಯಿಗೆ ಬಂದದ್ದನ್ನು ನುಂಗಿದೆ.
ಪಾಲಿ ನಗಲಿಲ್ಲ. ನಮ್ಮತ್ತ ನೋಡಲೂ ಇಲ್ಲ.
ಚರಂಡಿಯ ಅಂಚಿಗೆ ಸರಿಯದೆ,
ಬುಟ್ಟಿಗೆ ಕೈಯನ್ನೂ ಕೊಡದೆ,
ನಡು ಟಾರಿನ ಮೇಲೆ
ನಡೆದು ಹೋದಳು.