ಇಪ್ಪತ್ತು ಎಂ.ಎಲ್.

ಮಂಗಳವಾರದ ಡಯಾಲಿಸಿಸ್ ಮುಗಿಸಿ
ಕಿಮ್ಸ್ ಗೇಟಿನ ಹೊರಗ ಬಂದ್ರ
ಫಕೀರೇಶ ನಿಂತಾನ, ಇಸ್ತ್ರಿ ಅಂಗಿ,
ಕಿಸೇದಾಗ ಎರಡು ಟಿಕೀಟು.
"ಮ್ಯಾಟ್ನಿ. ಆರೂವರಿ ಗದಗ ಬಸ್ಸಿಗೆ ಹತ್ತಸತೀನಿ."
ಅವ್ವಗ ಫೋನ್ ಹಚ್ಚಿ ಅಂದೆ:
ಮಷೀನ್ ಕೆಟ್ಟೈತಿ, ತಡಾ ಆಗತೈತಿ.
ನಾಲ್ಕು ತಾಸು ರಕ್ತ ತೊಳದು ಕೊಡೋ ಮಷೀನ್ ಅದು,
ಅದರ ಮ್ಯಾಲ ಸುಳ್ಳು ಹೇಳಬಾರದು.
ಹೇಳಿದೆ.

ತೆರಿ ಮ್ಯಾಲ ನನ್ನ ವಾರಿಗಿ ಹುಡುಗಿ.
ಏನೋ ಜಡ್ಡು, ಅದಕ್ಕ ಹೆಸರಿಲ್ಲ.
ಕೆಮ್ಮಿದರೂ ಚೆಂದ ಕೆಮ್ಮತಾಳ,
ಕರವಸ್ತ್ರದಾಗ ಒಂದ ಹನಿ, ಕುಂಕುಮದಷ್ಟ.
ಹಿಮದಾಗ ಓಡತಾಳ, ಬೀಳತಾಳ,
ಬಿದ್ದಾಗೂ ಕೂದಲಾ ಹೆಂಗ ಬೇಕೋ ಹಂಗ ಹರಡತಾವ.
ಅಕಿ ಕಾಲು ಬಾತಿಲ್ಲ.
ಸೋಮವಾರ ಸಂಜಿಗೆ ಚಪ್ಪಲಿ ಬಿಗಿ ಆಗಂಗಿಲ್ಲ ಅಕಿಗೆ.
ಇವತ್ತೆಷ್ಟು ನೀರು ಕುಡದಿ ಅಂತ ಯಾರೂ ಕೇಳಂಗಿಲ್ಲ.
ರೇಷನ್ ಕಾರ್ಡಿನ ಝೆರಾಕ್ಸ್ ಹಿಡಕೊಂಡು
ಅವರಪ್ಪ ಯಾವ ಪಾಳಿಯಾಗೂ ನಿಂತಿಲ್ಲ.

ಪಕ್ಕದಾಗ ಫಕೀರೇಶ ಅಳಾಕತ್ತಾನ,
ಲಾರಿ ಟೈರಿಗೆ ಪಂಕ್ಚರ್ ಹಚ್ಚೋ ಕೈಲೆ
ಮೂಗು ಒರಸಿಕೋತ.
ನನಗ ನಗು.
ಮುಂದಿನ ಸಾಲಿನ ಕಾಕು ತಿರುಗಿ ನೋಡಿದ್ರು.

ಆಮ್ಯಾಲ ಕತ್ತಲಾಗ ಅವನ ಕೈ ಬಂತು.
ತಪ್ಪಿ ಎಡಗೈ ಮ್ಯಾಲ ಬಂತು.
ಯಾರಿಗೂ ಮುಟ್ಟಗೊಡದ ಕೈ ಅದು,
ಬಿ.ಪಿ. ಪಟ್ಟಿ ಕಟ್ಟಂಗಿಲ್ಲ, ಬಳಿ ಇಡಂಗಿಲ್ಲ.
ತಟ್ಟನೆ ತೆಗದ: "ನಿನ್ನ ಫೋನು ಗುಂಯ್ ಅಂತೈತಿ."
ಫೋನಲ್ಲೋ. ನಾನ.
ಡಾಕ್ಟರು ನರಕ್ಕ ನರ ಕೂಡಿಸಿ ಹೊಲದಾರ,
ಹಗಲೂ ರಾತ್ರಿ ರಕ್ತ ಅಲ್ಲಿ ಗುಂಯ್‌ಗುಡತೈತಿ,
ಕರೆಂಟು ಬಂದಕೂಡ್ಲೆ ಬೆಟಗೇರಿ ಓಣ್ಯಾಗ
ಮಗ್ಗದ ಸಪ್ಪಳಕ್ಕ ಗ್ವಾಡಿ ನಡಗತಾವಲ್ಲ, ಹಂಗ.
ಸಪ್ಪಳ ನಿಂತ್ರ ಅಪ್ಪ ನಿದ್ದ್ಯಾಗಿಂದ ಎದ್ದು ಕೂಡತಾನ.
ನಾನೂ ಮುಂಜಾನೆದ್ದು ಮೊದಲ
ಬಟ್ಟಿಟ್ಟು ನೋಡತೀನಿ,
ಐತೋ, ಇಲ್ಲೋ.

"ಹಂಗಾರ..." ಅಂದ. ಮುಂದ ಮಾತು ಬರಲಿಲ್ಲ.
ಮತ್ತ ಕೈ ಇಟ್ಟ,
ಆಗಷ್ಟ ನಿದ್ದಿ ಹತ್ತಿದ ಕೂಸಿನ ಮ್ಯಾಲ ಇಟ್ಟಂಗ.
ತೆರಿ ಮ್ಯಾಲ ಅಕಿ ಸತ್ಲು.
ಯಾವಾಗ ಸತ್ಲೋ, ನಾವು ನೋಡಲಿಲ್ಲ.

ಹೊರಗ ಏಪ್ರಿಲ್ ಝಳ.
ಕಬ್ಬಿನ ಹಾಲಿನ ಗಾಡಿ ಮುಂದ ನಿಂತು
"ಬರೇ ಬರ್ಫ ಕೊಡ್ರಿ ಕಾಕಾ, ಹಾಲಿನ ರೊಕ್ಕಾನ ತಗೋರಿ" ಅಂದ.
ನಾಲಿಗಿ ಮ್ಯಾಲ ಅದು ಕರಗೂತನ
ಇಬ್ಬರೂ ಮಾತಾಡಲಿಲ್ಲ.
ಊರಿಗೆ ಹದಿನೈದು ದಿನಕ್ಕೊಮ್ಮೆ ನಳಾ,
ನನಗ ದಿನಕ್ಕ ಮುಕ್ಕಾಲು ಲೀಟರ್.
ಅಳತಿ ಕಲಸಬೇಕಿಲ್ಲ ನಮಗ ಯಾರೂ.
ಆದರೂ ಬರ್ಫ ಎಷ್ಟು ಎಂ.ಎಲ್.?
ಹದಿನೈದು ಅಂದೆ ನಾ. ಇಪ್ಪತ್ತು ಅಂದ ಅವ,
ಅಣ್ಣಿಗೇರಿ ದಾಟೂತನ ಜಗಳಾ.
ಅವನೂ ಬಸ್ಸು ಹತ್ತಿದ್ದ, ಹೇಳೋದು ಮರತೆ.

ರಾತ್ರಿ ಅವ್ವನ ನೀರಿನ ಬುಕ್ಕಿನಾಗ ಬರದೆ:
ಚಾ ಐವತ್ತು.
ಗುಳಿಗಿಗೆ ಮೂವತ್ತು.
ಬರ್ಫ ಇಪ್ಪತ್ತು.

ಅವ್ವ ಕನ್ನಡಕ ಏರಿಸಿ ಕೇಳಿದ್ಲು,
ದವಾಖಾನ್ಯಾಗ ಬರ್ಫ ಎಲ್ಲಿಂದ ಬಂತ?

ಮಷೀನ್ ಭಾಳ ಕಾದಿತ್ತಬೇ, ಅಂದೆ.