ನೊಣ ಓಡಿಸುವ ಕೆಲಸ

ಖಡಕಿ ಬಜಾರಿನ ಇರಾಣಿಯಲ್ಲಿ
ಬೆಟಗೇರಿಯ ದಾನಿಯೇಲಪ್ಪ
ಬನ್ ಮಸ್ಕಾ ಮುಂದಿಟ್ಟುಕೊಂಡು ಕಣ್ಣು ಮುಚ್ಚುತ್ತಾನೆ.
ಇಪ್ಪತ್ತಾರು ವರ್ಷ, ಒಂದೇ ಕಾರ್ಖಾನೆ, ಒಂದೇ ಪಾಳಿ.
ಮೊದಮೊದಲು ನಾನು ಬೇಕೆಂದೇ
ಸುರ್ರೆಂದು ಚಹಾ ಹೀರುತ್ತಿದ್ದೆ.
"ಬನ್ನು ಸುಟ್ಟವನಿಗೂ ಒಂದು ಥ್ಯಾಂಕ್ಸ್ ಹೇಳಪ್ಪಾ."
ಹೇಳೇನಿ, ಹೆಸರು ಹಿಡಿದs ಹೇಳೇನಿ
ಅಂದ ಒಂದು ದಿನ.

ಆಮೇಲೆ ಯಾವಾಗಲೋ
ಅವನ ರೆಪ್ಪೆ ತೆರೆಯುವ ತನಕ
ಬಸಿಯ ಮೇಲಿನ ನೊಣ ಓಡಿಸುವುದು
ನನ್ನ ಕೆಲಸವಾಯಿತು.
ದೇವರ ಮಾತು ಬೇರೆ, ನೊಣವಂತೂ ಇತ್ತು.

ಲೇತಿನ ಕಿಡಿ ಹಾರಿದ ಮೂರನೆಯ ದಿನ.
ಸಸೂನ್ ಆಸ್ಪತ್ರೆ, ಎರಡೂ ಕಣ್ಣಿಗೆ ಪಟ್ಟಿ.
ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು
ಕೈಗಿಟ್ಟೆ. ತುಟಿ ಅಲುಗಿತು, ನಿಂತಿತು.
ಪಟ್ಟಿಯ ಹಿಂದೆ ಮುಗಿಯಿತೋ ಇಲ್ಲವೋ
ತಿಳಿಯುವುದು ಹೇಗೆ?
ಪಕ್ಕದ ಹಾಸಿಗೆಯ ಅಜ್ಜ ಕೆಮ್ಮಿ ಮಗ್ಗುಲಾದ.
ನರ್ಸು ಬಂದಳು, ಹೋದಳು.
ಬದನೆಕಾಯಿ ಪಲ್ಯ ಆರಿ ಎಣ್ಣೆ ಕಟ್ಟಿತು.
ಕಾದೆ.

"ಮುಗೀತೇನೋ?" ಅಂದೆ ಕೊನೆಗೆ.

"ನಂದು ಆಗಳೇ ಮುಗೀತು.
ನೀ ಇಷ್ಟೊತ್ತು ಸುಮ್ಮನ ಕುಂತದ್ದು ನೋಡಿ
ನಿಂದು ನಡದೈತೇನೋ ಅಂತ
ನಾ ಕಾಯಾಕತ್ತಿದ್ದೆ."