ಹದ್ದು

ಔರಾದ ತಹಶೀಲ ಕಚೇರಿ ಎದುರು, ಬೇವಿನ ಗಿಡದ ಬುಡಕ
ಒಂದು ಕಾಲು ಕುಂಟುವ ಮೇಜು ಹಾಕಿಕೊಂಡು
ಇಪ್ಪತ್ತೆರಡು ವರ್ಷ ಅರ್ಜಿ ಬರದೀನಿ.
ಜಾತಿ, ಆದಾಯ, ಪಹಣಿ, ವಿಧವಾ ವೇತನ.
ಅರ್ಜಿಗೆ ನಲವತ್ತು ರೂಪಾಯಿ,
ಅಳುವವರಿಗೆ ಇಪ್ಪತ್ತು.

ಮಾಘದಾಗ ಒಂದಿನ ಬಂದಳು ನಾಗಿಣಬಾಯಿ,
ಸೊಂಟದ ಮ್ಯಾಲ ಮಗಳು ಚಂಪಿ,
ಅಂಗಾಲಿಗೆ ಇಟ್ಟಂಗಿಯ ಬೂದಿ.
ಜಹೀರಾಬಾದ ಆಚೆ ಭಟ್ಟಿಯಾಗ
ಅವಳವರು ಇನ್ನೂ ಹನ್ನೆರಡು ಮಂದಿ.
ಫೋನು ಕಸಗೊಂಡಾರ, ಸಂತಿಗೂ ಬಿಡಂಗಿಲ್ಲ.
ಉದಗೀರಿನ ಮುಕಾದಮ ಕೊಟ್ಟ ಮುಂಗಡ ಮೂವತ್ತು ಸಾವಿರ
ದುಡದಷ್ಟೂ ಬೆಳೀತದಂತ,
ನೀರು ಹಾಕದಿದ್ರೂ ಕಳ್ಳಿ ಬೆಳೆಯೋ ಹಂಗ.
ರಾತ್ರೋರಾತ್ರಿ ಕಬ್ಬಿನ ಹೊಲ ಹಾದು
ಇವರಿಬ್ಬರೇ ಬಂದಾರ.

ಮೂರು ಠಾಣೆ ತಿರುಗಿದೆವು.
ನಮ್ಮವರು: ಭಟ್ಟಿ ತೆಲಂಗಾಣದ್ದು, ನಮ್ಮ ಹದ್ದಲ್ಲ.
ಅವರು: ಕೂಲಿಯವರು ಕರ್ನಾಟಕದವರು, ಮಾ ಹದ್ದು ಕಾದು.
ಉದಗೀರಿನವರು ಚಹಾ ಕೊಟ್ಟು ಹೇಳಿದರು:
ಆಮಚೀ ಹದ್ದ ನಾಹೀ.
ನದಿ ನೀರಿಗೆ, ಬಸ್ಸಿನ ಬೋರ್ಡಿಗೆ ಬಡಿದಾಡೋ ಮೂರು ರಾಜ್ಯ
ಒಂದೇ ಶಬ್ದಕ್ಕ ಒಪ್ಪಿದ್ದು
ನಾ ಕಂಡದ್ದು ಅದೊಂದೇ ಸಲ.

ತಿರುಗಿ ಬರುವಾಗ ಬಸ್ಸಿನ ಕಿಡಕಿಯಿಂದ
ಮುಗಿಲಿಗೆ ಬೆರಳು ಮಾಡಿದಳು ಚಂಪಿ.
ಭಟ್ಟಿ ಕಡೆಯಿಂದ ರೆಕ್ಕೆ ಅಲ್ಲಾಡಿಸದೆ ಬರ್ತಿತ್ತು ಒಂದು.
ಕಾಕಾ, ಅದು ಯಾರ ಹದ್ದು?

ನಾನು ಉತ್ತರ ಕೊಡಲಿಲ್ಲ. ಫೋನು ಮಾಡಿದೆ.

ಭಾಲ್ಕಿಯಿಂದ ಖುರ್ಷೀದ ಬೇಗಂ ಬಂದರು,
ನಿವೃತ್ತ ಮಾಸ್ತರಣಿ, ಚೀಲದ ತುಂಬ ಕೆಂಪು ಪೆನ್ನು.
ಜಹೀರಾಬಾದಿನಿಂದ ಯಾದಮ್ಮ,
ಸಂಘ ಕಟ್ಟಿ ಎರಡು ಸಲ ಹಲ್ಲು ಕಳಕೊಂಡಾಕಿ.
ಉದಗೀರ ಕೋರ್ಟಿನ ಕೌಸಲ್ಯಾ ಕಾಂಬಳೆ
ಕರಿ ಕೋಟು ಮಡಚಿ ಗಿಡದ ಬೇರಿನ ಮ್ಯಾಲೇ ಕುಂತರು.
ಬುತ್ತಿ ಬಿಚ್ಚುವ ಮೊದಲೇ ಜಗಳ.
ಯಾವ ಜಿಲ್ಲೆಗೆ ಮೊದಲ ಪತ್ರ? ಯಾರ ಹೆಸರು ಮ್ಯಾಲೆ?
ಜೀತ ಅಂತ ನಾ ಬರೆದೆ.
ವೆಟ್ಟಿ ಅಂದ್ರೇ ಅಲ್ಲಿಯವರಿಗೆ ತಿಳೀತದ, ಯಾದಮ್ಮನ ಹಟ.
ವೇಠಬಿಗಾರ, ತಿದ್ದಿದರು ಕೌಸಲ್ಯಾ.
ಒಂದೇ ಹಗ್ಗ. ಕಟ್ಟಿಸಿಕೊಂಡವರ ಕಾಲಿಗೆ
ವ್ಯಾಕರಣ ಗೊತ್ತಿಲ್ಲ ಅಂದರು ಬೇಗಂ,
ಮೂರನ್ನೂ ಬರಿ, ಬರಿ ಲಗೂ.
ಬರೆದೆ. ಮೂರು ಲಿಪಿ, ಹನ್ನೆರಡು ಹೆಸರು,
ಅಂದು ನನ್ನ ಕೈ ನಲವತ್ತು ರೂಪಾಯಿ ಮರೆತಿತ್ತು.

ಹತ್ತೊಂಬತ್ತು ದಿನ ಕಾಗದ ನಡೆದಾಡಿತು.
ಇಪ್ಪತ್ತನೆಯ ದಿನ ಮೂರು ಜೀಪು
ಮೂರು ಬಣ್ಣದ ನಂಬರ ಕಾಗದ ಹಿಡಿದು
ಒಂದೇ ಧೂಳಿನಾಗ ಹೊಂಟವು.
ಯಾರು ಮುಂದ ಹೋಗಬೇಕಂತ
ಸೇತುವೆ ಹತ್ತಿರ ಅರ್ಧ ತಾಸು ನಿಂತವು ಅನ್ನೋದೂ ಖರೆ.

ಭಟ್ಟಿಯಾಗ ಒಬ್ಬ ಹುಡುಗನ್ನ ಸಾಹೇಬರು ಕೇಳಿದರು:
ನಿನಗ ಎಷ್ಟಪ್ಪಾ?
ಎಂಟುನೂರು, ಅಂದ.
ವಯಸ್ಸು ಕೇಳಿದ್ದೋ.
ಎಂಟುನೂರು ರೀ, ದಿನಕ್ಕ.
ಬರಕೊಳ್ಳೋ ಮೂವರ ಪೆನ್ನೂ ನಿಂತವು.

ಹನ್ನೊಂದು ಮಂದಿ ಬಂದರು.
ಬಿಡುಗಡೆ ಪತ್ರದ ಮ್ಯಾಲ ಹೆಬ್ಬೆಟ್ಟು ಒತ್ತುವಾಗ
ನಾಗಿಣಬಾಯಿಯ ಅತ್ತೆ ಕೇಳಿದಳು:
ಇದೂ ಸಾಲದ ಕಾಗದಾನ?

ಹನ್ನೆರಡನೆಯಾಕಿ ಅಂಬವ್ವ.
ಹೋದ ದೀಪಾವಳಿಗೇ ಮುಕಾದಮ ಬೇರೆ ಭಟ್ಟಿಗೆ ಸಾಗಿಸಿದ,
ಸೋಲಾಪುರ ದಿಕ್ಕೋ, ನಿಜಾಮಾಬಾದ ದಿಕ್ಕೋ,
ಅವನಿಗೇ ನೆನಪಿಲ್ಲಂತ.
ಈಗಲೂ ತಿಂಗಳ ಮೊದಲ ಸೋಮವಾರ
ಮೂವರೂ ಫೋನು ಮಾಡ್ತಾರ,
ಮೊದಲು ಬೈದಾಡ್ತಾರ, ಆಮ್ಯಾಲ ಹುಡುಕ್ತಾರ.
ನಾನು ಆಕಿ ಹೆಸರಿನ ಅರ್ಜಿ ಮತ್ತ ಬರೀತೀನಿ.

ನಮೂನೆಯ ನಾಲ್ಕನೆಯ ಕಾಲಮ್ಮು: ಠಾಣೆಯ ಹದ್ದು.
ಅಲ್ಲಿ ಮೂರೂ ರಾಜ್ಯ ಬರೀತೀನಿ.
ಜಾಗ ಸಾಲಂಗಿಲ್ಲ.
ಗೆರಿ ದಾಟಿ, ಅಂಚು ದಾಟಿ
ಮೇಜಿನ ಕಟ್ಟಿಗಿ ಮ್ಯಾಲ ಹೋಗ್ತದ ಅಕ್ಷರ.